ಎರಡಾಣೆಯ ಬೆಲೆಯನ್ನರಿತ ವೈದ್ಯ: ಡಾ. ಟಿ. ಎಂ. ಎ. ಪೈ

ಪಿಗ್ಮಿ ಎಂಬ ಶಬ್ದವನ್ನು ಕೇಳದ ಕರಾವಳಿಯವರು ವಿರಳ. ಆದರೆ ಆ ಪದ್ಧತಿಯ ಹಿಂದೆ ಒಬ್ಬ ವೈದ್ಯರಿದ್ದರೆಂಬುದನ್ನು ಠಾಣೆ, ಡೊಂಬಿವಲಿ, ಕಲ್ಯಾಣಗಳ ಹೊಟೇಲುಗಳಲ್ಲಿ ದುಡಿಯುತ್ತಿರುವ ನಮ್ಮ ಅನೇಕ ತರುಣರು ಅರಿತಿರಲಾರರು.

ತೋನ್ಸೆ ಮಾಧವ ಅನಂತ ಪೈಗಳು 1898ನೆಯ ಎಪ್ರಿಲ್ 30ರಂದು ಜನಿಸಿದರು. ಮದರಾಸಿನಲ್ಲಿ ವೈದ್ಯಶಿಕ್ಷಣವನ್ನು ಪೂರೈಸಿ ಉಡುಪಿಗೆ ಮರಳಿದರು. ಆಗ ಕೈಮಗ್ಗದ ಉದ್ಯಮವು ಸಂಕಟಕ್ಕೆ ಸಿಲುಕಿ ನೇಕಾರರು ಕಂಗಾಲಾಗಿದ್ದರು. ಅವರಿಗೆ ಹಣದ ನೆರವು ದೊರಕಿಸುವ ಉದ್ದೇಶದಿಂದ ಅಣ್ಣ ಉಪೇಂದ್ರ ಪೈ ಹಾಗೂ ವಾಮನ ಕುಡ್ವರೊಡನೆ ಸೇರಿ 1925ರಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಮೂಲ ಬಂಡವಾಳ ಕೇವಲ 8000 ರೂಪಾಯಿ.

ಸಾಲ ಕೊಡಬೇಕಾದರೆ ಠೇವಣಿ ಬರಬೇಕು. ಠೇವಣಿ ಇಡಬಲ್ಲ ಸಿರಿವಂತರಾದರೋ ಬೆರಳೆಣಿಕೆಯವರು. ಉಳಿದವರು ಅಂದಂದಿನ ದುಡಿಮೆಯಿಂದ ಅಂದಂದಿನ ಗಂಜಿ ಕಾಣುವವರು. ಬ್ಯಾಂಕು ತೆರೆದಿರುವ ವೇಳೆಯೇ ಅವರ ದುಡಿಮೆಯ ವೇಳೆ. ಬಿಡುವಾದರೂ, ಚಿಲ್ಲರೆ ಕಾಸನ್ನು ಹಿಡಿದು ಮೇಜಿನ ಮುಂದೆ ನಿಲ್ಲಲು ಸಂಕೋಚ. ತಿಂಗಳ ಕೊನೆಗೆ ಉಳಿಸೋಣವೆಂದರೆ ಅಷ್ಟರಲ್ಲಿ ಕೈಯಲ್ಲಿ ಏನೂ ಇರದು. ಇದು ಹೊಟೇಲಿನ ಮಾಣಿಯಿಂದ ಹಿಡಿದು ಕಚೇರಿಯ ಗುಮಾಸ್ತನವರೆಗೆ ಎಲ್ಲರಿಗೂ ಗೊತ್ತಿರುವ ಸಂಗತಿ. ದೀನರಲ್ಲಿ ಉಳಿತಾಯದ ಬುದ್ಧಿಯಿಲ್ಲವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು.

1928ರಲ್ಲಿ ಆರಂಭವಾದ ಪಿಗ್ಮಿ ಯೋಜನೆಯು ಈ ಮಾತನ್ನು ತಲೆಕೆಳಗು ಮಾಡಿತು. ಜನರು ಬ್ಯಾಂಕಿಗೆ ಬಾರದಿದ್ದರೆ ಬ್ಯಾಂಕೇ ಜನರ ಬಾಗಿಲಿಗೆ ಹೋಗಬೇಕೆಂಬುದು ಅದರ ತಿರುಳು. ಕಮಿಷನ್ನಿನ ಮೇಲೆ ನೇಮಿತನಾದ ಏಜೆಂಟನು ಪ್ರತಿದಿನ ಮನೆಗೆ, ಅಂಗಡಿಗೆ ಹೋಗಿ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಪಡೆಯುತ್ತಿದ್ದನು. ದಿನಕ್ಕೆರಡಾಣೆಯೆಂದರೆ ಮೂವತ್ತು ದಿನಕ್ಕೆ ಮೂರು ರೂಪಾಯಿ ಹನ್ನೆರಡಾಣೆ; ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಕಾಯಿಲೆಗೋ ಮಗಳ ಮದುವೆಗೋ ಬಡ್ಡಿವ್ಯಾಪಾರಿಯ ಮುಂದೆ ಕೈಯೊಡ್ಡುವವನಿಗೆ ಆ ಕಾಲದಲ್ಲಿ ಇದು ಸಣ್ಣ ಗಂಟಲ್ಲ. ಕೊಟ್ಟ ಹಣವನ್ನು ಆಗಿಂದಾಗಲೇ ಬರೆಸಿಕೊಳ್ಳದವರು ಅಂದೂ ಇದ್ದಿರಬಹುದು, ಇಂದೂ ಇದ್ದಾರೆ. ಅದು ಪದ್ಧತಿಯ ದೋಷವಲ್ಲ.

ಇದರಲ್ಲಿ ನಮ್ಮ ವೃತ್ತಿಯವರಿಗೆ ಹೊಸದೇನೂ ಕಾಣದು. ಎಲೆಯಲ್ಲಿ ಯಾವ ಪಲ್ಯ ಉಳಿಯಿತೆಂಬುದು ಗಲ್ಲಾದಲ್ಲಿ ಕುಳಿತ ಧಣಿಗಿಂತ ಮೊದಲು ಎಲೆ ಎತ್ತುವ ಹುಡುಗನಿಗೆ ತಿಳಿದಿರುತ್ತದೆ. ಇಂದು ನವಿಮುಂಬಯಿಯ ಗಾಜಿನ ಕಟ್ಟಡಗಳಲ್ಲಿ ಸ್ಟಾರ್ಟಪ್ಪುಗಳನ್ನು ತೆರೆಯುವ ತರುಣರು ಗ್ರಾಹಕನ ಮನಸ್ಸನ್ನು ಅರಿಯಲು ಪಡುವ ಪಾಡನ್ನು ಕಂಡಾಗ, ದಿನವೂ ಗ್ರಾಹಕನ ಮುಖವನ್ನು ನೋಡಿಬರುತ್ತಿದ್ದ ಪಿಗ್ಮಿ ಏಜೆಂಟನು ಈ ಲೇಖಕನಿಗೆ ನೆನಪಾಗುವುದುಂಟು.

ಪೈಗಳ ಮುಂದಿನ ಕಾರ್ಯಗಳು ಸುಪ್ರಸಿದ್ಧ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಇಂಜಿನಿಯರಿಂಗ್ ಕಾಲೇಜು. ಮಣಿಪಾಲದ ಬೋಳುಗುಡ್ಡವು ವಿದ್ಯಾನಗರವಾಯಿತು. ಸರಕಾರವೇ ಮಾಡಬೇಕಾದ ಕಾರ್ಯವೆಂದು ಎಲ್ಲರೂ ಭಾವಿಸಿದ್ದ ವೈದ್ಯಶಿಕ್ಷಣವನ್ನು ಖಾಸಗಿಯಾಗಿ ನಡೆಸಿ ತೋರಿಸಿದುದೂ ಸಾಹಸವೇ. 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 1979ನೆಯ ಮೇ 29ರಂದು ಅವರು ದಿವಂಗತರಾದರು.

ಅವರ ಬ್ಯಾಂಕು 1964ರಲ್ಲಿ ಸಿಂಡಿಕೇಟ್ ಬ್ಯಾಂಕೆಂಬ ಹೆಸರನ್ನು ತಳೆದು, 1969ರಲ್ಲಿ ರಾಷ್ಟ್ರೀಕೃತವಾಗಿ, 2020ನೆಯ ಎಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಊರಿನ ಸಹಕಾರಿ ಸಂಘಗಳ ದಿನವಹಿ ಠೇವಣಿಯನ್ನು ಜನರು ಇಂದಿಗೂ ಪಿಗ್ಮಿ ಎಂದೇ ಕರೆಯುತ್ತಾರೆ.