ಗೋಲ್ಡನ್ ಗ್ರೋವಿನ ಒಡೆಯ

ಇಂಗ್ಲಿಷ್ ಸಾಹಿತ್ಯಚರಿತ್ರೆಯನ್ನು ಓದುವಾಗ ಒಂದು ಹೆಸರು ಪುಟದ ಅಂಚಿನಲ್ಲಿ ಮತ್ತೆ ಮತ್ತೆ ನನಗೆ ಎದುರಾಗುತ್ತಿತ್ತು: ಜೆರಮಿ ಟೇಲರನ ಜೀವನದಲ್ಲಿ ಒಮ್ಮೆ, ಸ್ಯಾಮ್ಯುಯೆಲ್ ಬಟ್ಲರನಲ್ಲಿ ಇನ್ನೊಮ್ಮೆ, ಮಿಲ್ಟನ್ನನ ‘ಕೋಮಸ್’ ರೂಪಕದ ಪ್ರಸಂಗದಲ್ಲಿ ಮಗುದೊಮ್ಮೆ. ಆತನು ಕಾರ್ಬರಿಯ ಎರಡನೆಯ ಅರ್ಲ್ ರಿಚರ್ಡ್ ವಾನ್. ಕವಿಯಲ್ಲ, ಪಂಡಿತನಲ್ಲ, ಸೋತ ಸೇನಾನಿ.

ವೇಲ್ಸಿನ ಕಾರ್ಮಾರ್ಥನ್ ಸೀಮೆಯ ಗೋಲ್ಡನ್ ಗ್ರೋವ್ ಆ ಮನೆತನದ ನೆಲೆ. ಸುಮಾರು 1600ರಲ್ಲಿ ಹುಟ್ಟಿದ ರಿಚರ್ಡನು 1624ರಿಂದ 1629ರವರೆಗೆ ಆ ಸೀಮೆಯ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿದ್ದನು. 1634ರಲ್ಲಿ ತಂದೆಯ ಪದವಿ ಇವನಿಗೆ ಬಂದಿತು. ದೊರೆಗೂ ಪಾರ್ಲಿಮೆಂಟಿಗೂ 1642ರಲ್ಲಿ ಯುದ್ಧ ಹತ್ತಿದಾಗ ಈತನು ದೊರೆಯ ಪಕ್ಷವನ್ನು ಹಿಡಿದನು. ಮರುವರ್ಷ ನೈಋತ್ಯ ವೇಲ್ಸಿನ ಮೂರು ಸೀಮೆಗಳ ಸೇನಾಧಿಪತ್ಯ ದೊರೆಯಿತು. ಟೆನ್ಬಿ, ಹ್ಯಾವರ್ಫರ್ಡ್‌ವೆಸ್ಟ್ ಪಟ್ಟಣಗಳು ಕೈಸೇರಿದುವು. ಪೆಂಬ್ರೋಕ್ ಕೋಟೆ ಮಾತ್ರ ಮಣಿಯಲಿಲ್ಲ. 1644ರ ಆರಂಭದಲ್ಲಿ ಪಾರ್ಲಿಮೆಂಟ್ ಪಕ್ಷದ ರೋಲೆಂಡ್ ಲಾರ್ನನು ನೌಕಾಬಲದ ನೆರವಿನಿಂದ ಅವೆರಡನ್ನೂ ಮರಳಿ ಪಡೆದನು. ಕಾರ್ಬರಿಯು ಅಧಿಕಾರವನ್ನು ಬಿಟ್ಟುಕೊಟ್ಟನು. 1647ರಲ್ಲಿ ಪಾರ್ಲಿಮೆಂಟು ಆತನಿಗೆ ಕ್ಷಮಾದಾನವಿತ್ತಿತು.

ಆತನ ಬಾಳಿನ ಫಲವತ್ತಾದ ಕಾಲ ಬಂದದ್ದು ಈ ಸೋಲಿನ ಅನಂತರವೇ. 1645ರಲ್ಲಿ ಕಾರ್ಡಿಗನ್ ಬಳಿ ಸೆರೆಸಿಕ್ಕಿ ಬಿಡುಗಡೆಯಾದ ಜೆರಮಿ ಟೇಲರನು ಗೋಲ್ಡನ್ ಗ್ರೋವಿನಲ್ಲಿ ಮನೆಯ ಪಾದ್ರಿಯಾಗಿ ಆಶ್ರಯ ಪಡೆದನು. ಸದ್ಭಾವದ ಬದುಕನ್ನು ಬೋಧಿಸುವ ‘ಹೋಲಿ ಲಿವಿಂಗ್’ 1650ರಲ್ಲಿ ಹೊರಬಂದಿತು. ಅದೇ ವರ್ಷ ಕಾರ್ಬರಿಯ ಮಡದಿ ಫ್ರಾನ್ಸಿಸ್ ತೀರಿಕೊಂಡಳು. ಮರುವರ್ಷ ಬಂದ ‘ಹೋಲಿ ಡೈಯಿಂಗ್’ ಆ ಅಗಲಿಕೆಯ ನೆರಳಿನಲ್ಲಿದೆ. 1652ರಲ್ಲಿ ಆತನು ವರಿಸಿದ ಆಲಿಸ್ ಎಜರ್ಟನ್ನಳು ಹದಿನೆಂಟು ವರ್ಷಗಳ ಹಿಂದೆ, ಲಡ್ಲೋ ಕೋಟೆಯಲ್ಲಿ ‘ಕೋಮಸ್’ ಮೊದಲು ಆಡಿದಾಗ, ಅದರ ನಾಯಿಕೆಯಾಗಿದ್ದವಳು. ಅರಸೊತ್ತಿಗೆ ಮರಳಿದ ಮೇಲೆ, 1661ರಲ್ಲಿ, ಪತಿಯು ವೇಲ್ಸ್ ಮಂಡಲಿಯ ಅಧ್ಯಕ್ಷನಾಗಲು ಆಕೆ ಅದೇ ಕೋಟೆಗೆ ಒಡತಿಯಾಗಿ ಬಂದಳು. ಅಲ್ಲಿ ಪಾರುಪತ್ಯಗಾರನಾಗಿ ನೇಮಕಗೊಂಡವನು, ಮುಂದೆ ‘ಹ್ಯೂಡಿಬ್ರಾಸ್’ ವಿಡಂಬನಕಾವ್ಯದಿಂದ ಪ್ರಸಿದ್ಧನಾದ ಬಟ್ಲರ್.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಲುವಾಗಿಯೇ ಇರುತ್ತದೆ. ಆದರೆ 1672ರಲ್ಲಿ ಆ ಅಧ್ಯಕ್ಷಪದವಿ ಹೋಯಿತು. ಡ್ರಿಸ್ಲ್ವಿನ್ ಎಂಬಲ್ಲಿ ತನ್ನ ಆಳುಗಳನ್ನೂ ಒಕ್ಕಲುಗಳನ್ನೂ ಹಿಂಸಿಸಿದನೆಂಬುದೇ ಅದಕ್ಕೆ ಕಾರಣ. ಕೆಲವರ ಕಿವಿಗಳನ್ನು ಕತ್ತರಿಸಲಾಗಿತ್ತು, ಒಬ್ಬನ ನಾಲಗೆಯನ್ನೇ ಕೊಯ್ಯಲಾಗಿತ್ತು ಎಂಬುದು ದೂರು. 1686ರಲ್ಲಿ ಕಾರ್ಬರಿ ಮೃತನಾದನು.

ಆಶ್ರಯದಾತನನ್ನು ಹೊಗಳುವುದು ನಮಗೆ, ಸಾಹಿತ್ಯದ ಅಧ್ಯಾಪಕರಿಗೆ, ಅಭ್ಯಾಸವಾಗಿಬಿಟ್ಟಿದೆ. ಟೇಲರನಿಗೆ ಕಷ್ಟಕಾಲದಲ್ಲಿ ಸೂರು ಕೊಟ್ಟ ಪುಣ್ಯವನ್ನು ನಾನೂ ಅಲ್ಲಗಳೆಯಲಾರೆ. ಆದರೂ ಟೇಲರನ ತುಂಬುನುಡಿಯನ್ನು ಓದುವಾಗಲೆಲ್ಲ, ಹೆಸರಿಲ್ಲದ ಆ ಒಕ್ಕಲು ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಾನೆ. ಆತನಿಗೆ ಹೇಳಲು ಮಾತುಂಟು, ನಾಲಗೆಯಿಲ್ಲ.