ಸರ್ ಅಲೆಗ್ಸಾಂಡರ್ ಫ್ಲೆಮಿಂಗ್

ಸ್ಕಾಟ್ಲೆಂಡಿನ ರೈತನೊಬ್ಬನ ಮಗನಾಗಿ 1881ರಲ್ಲಿ ಜನಿಸಿದ ಫ್ಲೆಮಿಂಗರು, 1928ರಲ್ಲಿ ಲಂಡನ್ನಿನ ಸೆಂಟ್ ಮೇರೀಸ್ ಆಸ್ಪತ್ರೆಯಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದರು. ಅದನ್ನು ಔಷಧವಾಗಿಸಿದವರು ಫ್ಲೋರಿ, ಚೈನ್ ಮುಂತಾದವರು. ಕೀರ್ತಿಯ ದೊಡ್ಡ ಪಾಲು ಮಾತ್ರ ಇವರಿಗೇ ಸಂದಿತು. 1945ರಲ್ಲಿ ಈ ಮೂವರಿಗೂ ನೊಬೆಲ್ ಬಹುಮಾನವು ದೊರೆಯಲು, ಫ್ಲೆಮಿಂಗರು ತಮ್ಮ ಉಪನ್ಯಾಸದಲ್ಲಿ ಒಂದು ಕಲ್ಪಿತ ಸಂಸಾರದ ಕಥೆಯನ್ನು ಹೇಳಿದರು. ಗಂಟಲುನೋವಿಗೆ ಗಂಡನು ಆ ಔಷಧವನ್ನು ಅರೆಬರೆಯಾಗಿ ಸೇವಿಸುತ್ತಾನೆ. ಸಾಯದೆ ಉಳಿದ ಕ್ರಿಮಿಗಳು ಅದಕ್ಕೆ ಒಗ್ಗಿ ಹೆಂಡತಿಗೆ ತಗಲುತ್ತವೆ. ಆಕೆಗೆ ನ್ಯುಮೋನಿಯ ಬಂದು, ಅದೇ ಔಷಧವು ನಾಟದೆ, ಪ್ರಾಣ ಹೋಗುತ್ತದೆ. ಸೋದರಿಯರೇ, ಅದು ಬರಿಯ ಕಥೆಯಾಗಿ ಉಳಿಯಲಿಲ್ಲ. ಲಂಡನ್ನಿನದೇ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಡಾಕ್ಟರ್ ಮೇರಿ ಬಾರ್ಬರ್ ಎಂಬಾಕೆ ಪರೀಕ್ಷಿಸಲಾಗಿ, ರೋಗಿಗಳಲ್ಲಿ ಕಂಡ ಸ್ಟಾಫಿಲೊಕಾಕಸ್ ಕ್ರಿಮಿಗಳ ಪೈಕಿ ಪೆನಿಸಿಲಿನ್ನಿಗೆ ಬಗ್ಗದವು 1946ರಲ್ಲಿ ನೂರಕ್ಕೆ 14ರಷ್ಟಿದ್ದುದು 1948ರಲ್ಲಿ 59ಕ್ಕೆ ಏರಿತ್ತು. ಫ್ಲೆಮಿಂಗರು 1955ರಲ್ಲಿ ದಿವಂಗತರಾದರು.