ವಿದ್ಯಾರ್ಥಿವೇತನದಿಂದ ವಿದ್ಯಾಲಯದವರೆಗೆ: ಸರ್ ಎಂ. ವಿಶ್ವೇಶ್ವರಯ್ಯ

ಪ್ರತಿವರ್ಷ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನವನ್ನು ಆಚರಿಸುವಾಗ ನಾವೆಲ್ಲರೂ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಅಣೆಕಟ್ಟುಗಳನ್ನು ನೆನೆಯುತ್ತೇವೆ. ಮೇಣದಬತ್ತಿಯ ಕಥೆಯನ್ನೂ ರೈಲುಹಳಿಯ ಕಥೆಯನ್ನೂ ಭಕ್ತರೆಲ್ಲ ಕೇಳಿಯೇ ಇರುವುದರಿಂದ ಇಲ್ಲಿ ಮತ್ತೆ ಹೇಳುವುದಿಲ್ಲ. ನಾವು ಸ್ಮರಿಸಹೊರಟಿರುವುದು ಅವರು ನಾಡಿಗೆ ಕೊಟ್ಟ ಎಂಜಿನಿಯರಿಂಗ್ ವಿದ್ಯಾಲಯವನ್ನು, ಮತ್ತು ಅದರ ಬಾಗಿಲು ಯಾರಿಗೆ ಎಂಬ ಪ್ರಶ್ನೆಯನ್ನು.

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮನೆಯಲ್ಲಿ ಸಂಸ್ಕೃತ ಪಾಂಡಿತ್ಯವಿತ್ತು, ಹಣವಿರಲಿಲ್ಲ. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ, ಆ ಸಂಪಾದನೆಯಿಂದಲೇ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1881ರಲ್ಲಿ ಬಿ.ಎ. ಪದವಿ ಪಡೆದರು. ಎಂಜಿನಿಯರಿಂಗ್ ಕಲಿಯಬೇಕೆಂದರೆ ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ಕಾಲೇಜೇ ಇರಲಿಲ್ಲ. ಸಂಸ್ಥಾನದ ಸರ್ಕಾರವು ವಿದ್ಯಾರ್ಥಿವೇತನವನ್ನು ಮಂಜೂರು ಮಾಡಿದ್ದರಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗುವುದು ಸಾಧ್ಯವಾಯಿತು. 1883ರ ಪರೀಕ್ಷೆಯಲ್ಲಿ ಅವರು ಪ್ರಥಮ ಸ್ಥಾನ ಗಳಿಸಿದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾದರು. ಆ ವಿದ್ಯಾರ್ಥಿವೇತನವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಮುಂಬಯಿ ಪ್ರಾಂತ್ಯದ ಸೇವೆಯಲ್ಲಿ ಅವರು ಸಿಂಧಿನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರನ್ನು ಒದಗಿಸಿದರು. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟಕ್ಕೆ ಏರಿದೊಡನೆ ಬಾಗಿಲುಗಳು ತಾವಾಗಿಯೇ ತೆರೆದು ಪ್ರವಾಹವನ್ನು ಹೊರಬಿಡುತ್ತವೆ. ಮಟ್ಟ ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಇದರಿಂದ ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡುವುದು ಸಾಧ್ಯವಾಯಿತು. ಸಂಶೋಧನೆಯೆಂದರೆ ಪ್ರಯೋಗಶಾಲೆಯೊಳಗಿನ ಕಾರ್ಯವೆಂದೇ ಭಾವಿಸುವ ಇಂದಿನ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಎದುರಿಗಿದ್ದ ಕೆರೆಯ ಕಷ್ಟವೇ ಅವರಿಗೆ ಸಂಶೋಧನೆಯ ವಿಷಯವಾಗಿತ್ತು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಬಂದ ಅವರು 1912ರಲ್ಲಿ ದಿವಾನರಾದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮರುವರ್ಷ, 1917ರಲ್ಲಿ, ಅದರ ಆಶ್ರಯದಲ್ಲಿಯೇ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಲೋಕೋಪಯೋಗಿ ಇಲಾಖೆಯ ಕಟ್ಟಡದಲ್ಲಿ, ಕೆ.ಆರ್. ಶೇಷಾಚಾರ್ ಅವರ ಪ್ರಾಂಶುಪಾಲತ್ವದಲ್ಲಿ, ಸಿವಿಲ್ ಮತ್ತು ಮೆಕ್ಯಾನಿಕಲ್ ವಿಭಾಗಗಳಿಗೆ ಸೇರಿ ಇಪ್ಪತ್ತು ವಿದ್ಯಾರ್ಥಿಗಳಿದ್ದರು. ಪುಣೆಗೋ ಮದರಾಸಿಗೋ ಹೋಗಲಾರದ ಸಂಸ್ಥಾನದ ಹುಡುಗರಿಗೆ ಮೊದಲ ಬಾರಿಗೆ ತಮ್ಮ ನೆಲದಲ್ಲಿಯೇ ಈ ವಿದ್ಯೆ ದೊರೆಯಿತು.

ಅದೇ 1917ರಲ್ಲಿ ಮತ್ತೊಂದು ಘಟನೆಯೂ ನಡೆಯಿತು. ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮೊದಲಾದ ಸಮುದಾಯಗಳ ಮುಖಂಡರು ಕೂಡಿ ಪ್ರಜಾಮಿತ್ರ ಮಂಡಳಿಯನ್ನು ಸ್ಥಾಪಿಸಿದರು. ಶಿಕ್ಷಣ ಮತ್ತು ಸರ್ಕಾರಿ ಸೇವೆಯಲ್ಲಿ ತಮ್ಮವರಿಗೂ ಪಾಲು ದೊರೆಯಬೇಕೆಂಬುದು ಅವರ ಬೇಡಿಕೆ. ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಈ ಮಾರ್ಗ ಒಪ್ಪಿಗೆಯಾಗಲಿಲ್ಲ. ಶಾಲೆಗಳು ಹೆಚ್ಚಿದರೆ ಹಿಂದುಳಿದವರು ತಾವಾಗಿಯೇ ಮುಂದೆ ಬರುವರು, ನೇಮಕಾತಿಯಲ್ಲಿ ಯೋಗ್ಯತೆಯೊಂದೇ ಅಳತೆಗೋಲಾಗಬೇಕು ಎಂಬುದು ಅವರ ದೃಢವಾದ ನಿಲುವು. ಆ ವರ್ಷದ ಕೊನೆಯಲ್ಲಿ ಅವರು ದಿವಾನಗಿರಿಯಿಂದ ಹೊರಬಂದರು. ಅದಕ್ಕೆ ಈ ಭಿನ್ನಾಭಿಪ್ರಾಯವೇ ಮುಖ್ಯ ಕಾರಣ.

ಈ ಸಂಗತಿಯನ್ನು ಮರೆಮಾಚಿ ಅವರ ಚರಿತ್ರೆ ಬರೆಯುವುದು ಅವರಿಗೂ ನಮಗೂ ಗೌರವವಲ್ಲ. ತಾವು ನಂಬಿದ್ದಕ್ಕಾಗಿ ಅಧಿಕಾರವನ್ನು ಬಿಡಬಲ್ಲವರಾಗಿದ್ದರು ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಮನೆಪಾಠದ ಹುಡುಗನನ್ನು ಪುಣೆಗೆ ಮುಟ್ಟಿಸಿದ್ದು ಯೋಗ್ಯತೆಯೊಂದೇ ಅಲ್ಲ, ಸರ್ಕಾರದ ವಿದ್ಯಾರ್ಥಿವೇತನವೂ ಹೌದು. ಅಕ್ಷರವೇ ಇಲ್ಲದ ಮನೆಗಳಲ್ಲಿ ಹುಟ್ಟಿದ ಮಕ್ಕಳಿಗೆ ಅದಕ್ಕಿಂತಲೂ ಹೆಚ್ಚಿನ ಆಸರೆ ಬೇಕಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ಮಂಡಳಿಯ ಹಿರಿಯರು ಕೇಳಿದ್ದು ಅನ್ಯಾಯವಾಗಿರಲಿಲ್ಲ.

ಅವರ ಕಾಯಕನಿಷ್ಠೆಯ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಸಲ್ಲಿಸಿದ ಸೇವೆಗಾಗಿ ತಮಗೆ ಬರಬೇಕಾಗಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ, ಕೈಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಆ ಸಂಸ್ಥೆಗೆ ತಮ್ಮ ಹೆಸರನ್ನಿಡಗೊಡಲಿಲ್ಲ. ಅದು ಶ್ರೀ ಜಯಚಾಮರಾಜೇಂದ್ರರ ಹೆಸರನ್ನು ಹೊತ್ತು, ತಾವು ಆರಂಭಿಸಿದ ಕಾಲೇಜಿನ ಸಮೀಪದಲ್ಲಿಯೇ ಇಂದಿಗೂ ನಡೆಯುತ್ತಿದೆ.

ಆ ಕಾಲೇಜಿನಿಂದ ಹೊರಬಂದವರು ಸೇತುವೆ, ರಸ್ತೆ, ವಿದ್ಯುತ್ ಕೇಂದ್ರಗಳಲ್ಲಿ ದುಡಿದರು. 1953ರಲ್ಲಿ ಅಲ್ಲಿ ಮೆಕ್ಯಾನಿಕಲ್ ಪದವಿ ಪಡೆದ ರೊದ್ದಂ ನರಸಿಂಹ ಅವರು ಭದ್ರವಾದ ನೌಕರಿಯನ್ನು ಹುಡುಕದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಶಿಷ್ಯರಾದರು. ವಿಮಾನದ ಮೈಮೇಲೆ ಹರಿಯುವ ಗಾಳಿ ಪ್ರಶಾಂತ ಸ್ಥಿತಿಯಿಂದ ಪ್ರಕ್ಷುಬ್ಧವಾಗುವ ಬಗೆಯನ್ನು ಕುರಿತ ಸಂಶೋಧನೆಯಿಂದ ಜಗತ್ಪ್ರಸಿದ್ಧರಾದರು. 1960ರ ದಶಕದಲ್ಲಿ ಕಾಲೇಜು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿ, ಸ್ಥಾಪಕರ ಹೆಸರನ್ನು ಪಡೆಯಿತು. ಹಳೆಯ ವಿದ್ಯಾರ್ಥಿಗಳು ಅದನ್ನು ಮರೆಯಲಿಲ್ಲ. ಅವರ ದೀರ್ಘಕಾಲದ ಒತ್ತಾಯದ ನಂತರ 2021ರ ಕಾಯಿದೆಯಿಂದ ಅದಕ್ಕೆ ಸ್ವಾಯತ್ತತೆ ದೊರೆಯಿತು.

ಬಾಗಿಲಿನ ಪ್ರಶ್ನೆಗೆ ನಮ್ಮ ಸಮಾಜವೂ ತನ್ನದೇ ಉತ್ತರವನ್ನು ಕಟ್ಟಿತು. ಕೆ.ಎಲ್.ಇ. ಸಂಸ್ಥೆಯು 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. 1951ರಲ್ಲಿ ದಾವಣಗೆರೆಯಲ್ಲಿ ಬಿ.ಡಿ.ಟಿ. ಕಾಲೇಜು ಆರಂಭವಾಯಿತು. 1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯನವರು ನೂರು ವರ್ಷಗಳ ಬಾಳನ್ನು ಪೂರೈಸಿ 1962ರ ಏಪ್ರಿಲ್‌ನಲ್ಲಿ ಕಾಲವಾದರು. ಮರುವರ್ಷ ತುಮಕೂರಿನಲ್ಲಿ ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವನ್ನು ಸ್ಥಾಪಿಸಿದರು. ಜಾತಿಭೇದವಿಲ್ಲದೆ ಹಳ್ಳಿಯ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡುತ್ತಿದ್ದ ಶ್ರೀಮಠದ ಪರಿಸರಕ್ಕೆ ಎಂಜಿನಿಯರಿಂಗ್ ವಿದ್ಯೆಯೂ ಬಂದಿತು.